ಪಾನಾ ಪೂಜೆಗೆ ಕೂತಾಗ

ನನ್ನ ಮೋಟಾರ್ ಸೈಕಲ್ಲಿನ ಹಿಂಭಾಗ ಅಳ್ಳಾಡುತ್ತಿತ್ತು. ಗದಗ-ಬೆಟಗೇರಿಯಲ್ಲಿ ಇದು ನನ್ನೊಬ್ಬನನ್ನು ಬಿಟ್ಟು ಎಲ್ಲರಿಗೂ ಗೊತ್ತಿತ್ತು. ಹಿಂದೆ ಬರುವವರಿಗೆ ಕಾಣುವುದು ಮುಂದೆ ಕೂತವನಿಗೆ ಹೇಗೆ ಕಾಣಬೇಕು? ನಾನು ಎದೆ ಸೆಟೆಸಿ, ಟೊಪ್ಪಿಗೆ ಹಾರದ ಹಾಗೆ ಆಗಾಗ ಒಂದು ಕೈಯಿಂದ ಒತ್ತಿಕೊಳ್ಳುತ್ತಾ ಪೇಟೆಯ ನಡುವೆ ಹೋಗುತ್ತಿದ್ದೆ. ಜನ ನಿಂತು ನೋಡುತ್ತಿದ್ದರು. ಗಾಡಿಯ ಅಂದವನ್ನು ನೋಡುತ್ತಾರೆ ಎಂದು ತಿಳಿದಿದ್ದೆ.

ಗಾಡಿ ರೇಲ್ವೆಯ ಒಬ್ಬ ಗೋರಾ ಇಂಜಿನಿಯರನದು. ಸ್ವಾತಂತ್ರ್ಯ ಬಂದ ವರ್ಷ ಅವನು ಹಡಗು ಹತ್ತುವ ಮೊದಲು ಅದನ್ನು ಇಲ್ಲೇ ಬಿಟ್ಟು ಹೋದ. ಆಗಲೇ ಅದು ಮುದಿಗಾಡಿ. ನಾಲ್ಕಾರು ಕೈ ದಾಟಿ ನನ್ನ ಹತ್ತಿರ ಬರುವ ಹೊತ್ತಿಗೆ ಪೆಟ್ರೋಲ್ ಟಾಕಿಯ ಮೇಲಿನ ಹೆಸರು ಕೂಡ ಅಳಿಸಿಹೋಗಿತ್ತು. ನಮ್ಮದು ಹತ್ತಿ ದಲಾಲಿಯ ಮನೆತನ. ಮನೆಯಲ್ಲಿ ಚಕ್ಕಡಿ ಇತ್ತು, ಎತ್ತು ಇದ್ದವು. ಆದರೆ ಓಣಿಯಲ್ಲಿ ಮೋಟಾರ್ ಸೈಕಲ್ ಇದ್ದದ್ದು ನನ್ನೊಬ್ಬನ ಹತ್ತಿರ. ಹಾಳೂರಿಗೆ ಉಳಿದವನೇ ಗೌಡ ಎನ್ನುವ ಹಾಗೆ ಮೆರೆಯುತ್ತಿದ್ದೆ.

ಐವತ್ತಾರರ ನಾಗರ ಪಂಚಮಿ ಬಂತು. ಪಂಚಮಿಗೆ ಅಣ್ಣ ಬಂದು ತಂಗಿಯನ್ನು ತವರಿಗೆ ಕರೆದೊಯ್ಯುವುದು ನಮ್ಮ ಕಡೆಯ ಪದ್ಧತಿ. ನನ್ನ ಹೆಂಡತಿ ನೀಲಗಂಗವ್ವನ ತವರು ಶಿಗ್ಲಿ. ಅವಳ ಅಣ್ಣ ಚಕ್ಕಡಿ ಹೂಡಿಕೊಂಡು ಬರುತ್ತೇನೆಂದು ಹೇಳಿ ಕಳಿಸಿದ್ದ. ನಾನು ಬೇಡ ಎಂದೆ.

"ಮೋಟಾರ್ ಸೈಕಲ್ ಇದ್ದ ಮನಿ ಸೊಸಿ ಚಕ್ಕಡ್ಯಾಗ ಹೋದರ ಮಂದಿ ನಗತಾರ. ನಾನ ಬಿಟ್ಟು ಬರತೀನಿ ನಡಿ."

ನೀಲಗಂಗವ್ವ ಗಾಡಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು. "ಇದರ ಹಿಂದಿನ ಗಾಲಿ ಒಂದ ಕಡೆ ಹೋದರ, ನೀವು ಒಂದ ಕಡೆ ಹೋಗತೀರಿ" ಎಂದಳು. ಆಮೇಲೆ ಸೆರಗು ಬಿಗಿದು ಹಿಂದೆ ಕೂತಳು.

ಆಗ ನನಗೆ ಏಕೀಕರಣದ ಭಾಷಣದ ಹುಚ್ಚು. ಕನ್ನಡ ನಾಡು ಒಂದಾಗುವ ದಿನ ಹತ್ತಿರ ಬಂದಿತ್ತು, ಓಣಿಗೊಂದು ಸಭೆ ನಡೆಯುತ್ತಿತ್ತು. ಸಭೆಯಲ್ಲಿ ನನಗೆ ಸಿಗುತ್ತಿದ್ದದ್ದು ವಂದನಾರ್ಪಣೆ ಮಾತ್ರ. ಹೀಗಾಗಿ ಒಳಗೆ ಉಳಿದ ಭಾಷಣವೆಲ್ಲ ಹೆಂಡತಿಯ ಪಾಲಿಗೆ ಬರುತ್ತಿತ್ತು. ಶಿರಹಟ್ಟಿ ದಾಟಿದ ಮೇಲೆ ಶುರುಮಾಡಿದೆ.

"ಈ ಹಾದಿ ನೋಡು. ನಮ್ಮಪ್ಪನ ಕಾಲಕ್ಕ ಗದಗ ಇಂಗ್ರೇಜರದ್ದು, ಶಿರಹಟ್ಟಿ ಸಾಂಗಲಿಯವರದ್ದು, ಲಕ್ಷ್ಮೇಶ್ವರ ಮಿರಜಿನವರದ್ದು. ಒಂದ ಹಾದಿಗೆ ಮೂರು ಸರಕಾರ! ಇನ್ನ ಮ್ಯಾಲ ಎಲ್ಲಾ ಒಂದ. ಅಗಲಿದವರು ಕೂಡೂದು ಅಂದ್ರ ಏನಂತ ತಿಳದಿ? ಹೌದೋ ಅಲ್ಲೋ?"

ಅಡರಕಟ್ಟಿಯ ಹತ್ತಿರ ಮಳೆಗೆ ರಸ್ತೆ ಕೊಚ್ಚಿಹೋಗಿ ತಗ್ಗುಗಳಾಗಿದ್ದವು. ಗಾಡಿಯ ಹಿಂಭಾಗ ಒಮ್ಮೆ ಜೋರಾಗಿ ಹೊಯ್ದಾಡಿ ಆಮೇಲೆ ಹಗುರಾದಂತಾಯಿತು. ಗಾಡಿ ಒಳ್ಳೆ ಓಟ ಹಿಡಿಯಿತು ಎಂದುಕೊಂಡೆ. ಹೆಂಡತಿ ಎದುರು ಮಾತಾಡದೆ ಕೇಳುತ್ತಿದ್ದಾಳೆಂದು ನನಗೆ ಇನ್ನಷ್ಟು ಉಮೇದು ಬಂತು. ಲಕ್ಷ್ಮೇಶ್ವರದ ಚಹಾದ ಅಂಗಡಿಯ ಮುಂದೆ ನಿಲ್ಲಿಸಿ, "ಇಳಿ, ಚಾ ಕುಡಿಯೂಣು" ಎಂದೆ.

ಅಂಗಡಿಯವನು ಬಸಿ ತೊಳೆಯುವುದನ್ನು ನಿಲ್ಲಿಸಿದ. "ಯಾರಿಗ ಹೇಳಾಕತ್ತೀರಿ, ಯಜಮಾನ್ರ?"

ತಿರುಗಿ ನೋಡಿದೆ. ಸೀಟು ಖಾಲಿ ಇತ್ತು.

ಬಂದ ದಾರಿಯಲ್ಲೇ ಓಡಿಸಿದೆ. ಅಡರಕಟ್ಟಿಯ ತಗ್ಗಿನ ಪಕ್ಕದ ಎರೆಮಣ್ಣಿನಲ್ಲಿ ಒಬ್ಬರು ಜಾರಿ ಬಿದ್ದ ಗುರುತು ಇತ್ತು. ಹೊಲದಲ್ಲಿದ್ದ ಮುದುಕನೊಬ್ಬ ಗುದ್ದಲಿ ಊರಿ ನಿಂತು ಹೇಳಿದ: "ನಿಮ್ಮ ಮನಿಯವರು ಶಿಗ್ಲಿ ಚಕ್ಕಡಿ ಹತ್ತಿ ಒಳದಾರೀಲೆ ಹೋದ್ರು. ನಿಮ್ಮನ್ನ ಬಾಳೊತ್ತು ಕೂಗಿದ್ರಪಾ. ನೀವು ಕೈ ಮಾಡಿಕೋತ ಮಾತಾಡಿಕೋತ ಹೊಂಟಿದ್ರಿ."

ನಾನು ಮೋಟಾರಿನವನು, ಚಕ್ಕಡಿಗಿಂತ ಮೊದಲೇ ಶಿಗ್ಲಿ ಮುಟ್ಟಿದೆ. ಮಾವ ಹುಚ್ಚೀರಪ್ಪನವರು ಕಟ್ಟೆಯ ಮೇಲಿಂದ ಎದ್ದು, "ಬರ್ರಿ, ಅಳಿಯಂದ್ರ. ಮಗಳೆಲ್ಲಿ?" ಎಂದರು.

"ಹಿಂದ ಬರಾಕತ್ತಾಳ್ರಿ" ಎಂದೆ. ಸುಳ್ಳೇನೂ ಹೇಳಿರಲಿಲ್ಲ.

ಸ್ವಲ್ಪ ಹೊತ್ತಿಗೆ ಚಕ್ಕಡಿ ಬಂತು. ನೀಲಗಂಗವ್ವ ಇಳಿದಳು. ಸೀರೆಯೆಲ್ಲ ಕೆಸರು, ಒಂದು ಕೈಗೆ ಸೆರಗು ಸುತ್ತಿಕೊಂಡಿದ್ದಳು. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅಂತಾರಲ್ಲ. ಇಲ್ಲಿ ಬಿದ್ದವಳು ಅವಳು, ಮೀಸೆ ಕಾಯುವ ಗಡಿಬಿಡಿ ನನ್ನದು. ಎಲ್ಲರ ಮುಂದೆ ನಾನು ಅಂದ ಮೊದಲ ಮಾತು ಇದು: "ಸರಿಯಾಗಿ ಹಿಡಕೊಂಡು ಕುಂಡ್ರಾಕ ಬರೂದಿಲ್ಲೇನು ನಿನಗ?"

ಅವಳು ನನ್ನನ್ನು ದಾಟಿ ಒಳಗೆ ಹೋದಳು. ಪಂಚಮಿ ಮುಗಿಯಿತು, ಅವಳು ಬರಲಿಲ್ಲ. ಗಣಪತಿ ಕೂತ, ಗಣಪತಿ ಹೋದ, ಅವಳು ಬರಲಿಲ್ಲ. ಅಣ್ಣನ ಕೈಲಿ ಒಂದೇ ಮಾತು ಹೇಳಿ ಕಳಿಸಿದಳು: "ಆ ಗಾಡಿ ಅಳ್ಳಾಡೂದು ನಿಂದ್ರಿಸಿಕೊಂಡು ಬರ್ರಿ. ಆಮ್ಯಾಲ ನೋಡೂಣು." ಅದರ ಹಿಂದೆಯೇ ಮಾವನವರ ಮಾತೂ ಬಂತು. ದಸರೆಯ ಬನ್ನಿ ಹಬ್ಬದೊಳಗೆ ಇದು ಬಗೆಹರಿಯದಿದ್ದರೆ ಹಿರಿಯರನ್ನು ಕೂಡಿಸುವುದು. ಹಿರಿಯರು ಕೂತರೆ ಏನಾಗುತ್ತದೆಂದು ನಮ್ಮ ಓಣಿಯಲ್ಲೇ ಕಂಡಿದ್ದೆ. ಅಂಥ ಮನೆಯ ಸೊಸೆಯಂದಿರು ತಿರುಗಿ ಬಂದಿರಲಿಲ್ಲ.

ಮನೆ ಬಣಬಣ ಎನ್ನುತ್ತಿತ್ತು. ಊಟಕ್ಕೆ ಕೂತರೆ ರೊಟ್ಟಿ ಇಳಿಯುತ್ತಿರಲಿಲ್ಲ. ನಾನು ಅವಳನ್ನು ನೆನೆದು ಒಳಗೊಳಗೇ ಬೇಯುತ್ತಿದ್ದೆ. ಗಂಡಸಾಗಿ ಇದನ್ನು ಹೇಳಲು ನಾಚಿಕೆ. ಯಾರಾದರೂ ಯಾಕೆ ಸೊರಗಿದ್ದೀಯೆಂದು ಕೇಳಿದರೆ, ಗಾಡಿಯ ಚಿಂತೆ ಎನ್ನುತ್ತಿದ್ದೆ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಮೊದಲು ರಸ್ತೆಯನ್ನು ಬೈದೆ. ಆಮೇಲೆ ಟಾಯರು ಬದಲಿಸಿದೆ, ಗಾಲಿಯ ತಂತಿ ಬಿಗಿಸಿದೆ. ಅಳ್ಳಾಟ ನಿಲ್ಲಲಿಲ್ಲ. ಕೊನೆಗೆ ಗೆಳೆಯ ಅಂದಾನಪ್ಪನನ್ನು ಕರೆದೆ. ಅವನು ಹತ್ತಿ ಜಿನ್ನಿನಲ್ಲಿ ಫಿಟ್ಟರು. ಜಗತ್ತಿನಲ್ಲಿ ತನಗೆ ಗೊತ್ತಿಲ್ಲದ ಯಂತ್ರವಿಲ್ಲ ಎಂದು ನಂಬಿದವನು. ಬಾಯಿ ನನಗಿಂತ ಒಂದು ಗೇಣು ದೊಡ್ಡದು. ಮೋಟಾರ್ ಸೈಕಲ್ಲನ್ನು ಮಾತ್ರ ಅವನು ಅಲ್ಲಿಯವರೆಗೆ ಬಿಚ್ಚಿರಲಿಲ್ಲ.

ಗಾಡಿಯನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಹಿಂದಿನ ಗಾಲಿಯನ್ನು ಎರಡೂ ಕೈಯಿಂದ ಹಿಡಿದು ಎಡಕ್ಕೆ ಬಲಕ್ಕೆ ಜಗ್ಗಿದ. ಇಂಜಿನ್ನಿನ ಹಿಂದಿನಿಂದ ಟಕ್ ಟಕ್ ಎಂದು ಕೇಳಿಸಿತು.

"ಕೇಳಿಸ್ತೇನಲೇ ಚನಬಸ್ಯಾ? ಗಾಲಿ ಸುದ್ದ ಐತಿ. ಗಾಲಿ ಹಿಡಕೊಂಡಿದ್ದ ಚಿಮಟಾ ಸಡ್ಲ ಆಗೇತಿ."

ಹಿಂದಿನ ಗಾಲಿಯನ್ನು ಎರಡು ಕಡೆಯಿಂದ ಹಿಡಿದಿರುವ ಕಬ್ಬಿಣದ ಕವಲಿಗೆ ಮಿಸ್ತ್ರಿಗಳು ಚಿಮಟಾ ಎನ್ನುತ್ತಾರೆ. ನೋಡಲು ಒಲೆಯ ಮುಂದಿನ ಚಿಮಟಾದ ಹಾಗೆಯೇ ಇರುತ್ತದೆ. ಅದರ ಬುಡವನ್ನು ಚೌಕಟ್ಟಿಗೆ ಒಂದು ಉದ್ದ ಅಚ್ಚಿನಿಂದ ಕೂಡಿಸಿ, ಆ ಅಚ್ಚಿನ ಎರಡೂ ತುದಿಗೆ ಬೇರಿಂಗು ಹಾಕಿರುತ್ತಾರೆ. ತಗ್ಗು ಬಂದಾಗ ಚಿಮಟಾ ಮೇಲೆ ಕೆಳಗೆ ಆಡಬೇಕು, ಅಡ್ಡಡ್ಡ ಆಡಬಾರದು. ನನ್ನದು ನಾಲ್ಕೂ ದಿಕ್ಕಿಗೆ ಆಡುತ್ತಿತ್ತು.

ಅಚ್ಚು ತುಕ್ಕು ಹಿಡಿದು ಕೂತಿತ್ತು. ಚಿಮಣಿ ಎಣ್ಣೆ ಕುಡಿಸಿ ಕುಡಿಸಿ, ಬಡಿದು ಬಡಿದು ಹೊರಗೆ ತೆಗೆದೆವು. ಬೇರಿಂಗಿನ ಒಳಗೆ ಗ್ರೀಸು ಇರಬೇಕಾದಲ್ಲಿ ಕೆಂಪು ಹುಡಿ ಇತ್ತು. ರೋಲರುಗಳ ಮೈಯೆಲ್ಲ ಕುಳಿ ಬಿದ್ದಿತ್ತು. ಅವನ್ನು ಅರಿವೆಯಲ್ಲಿ ಕಟ್ಟಿಕೊಂಡು ರೈಲು ಹತ್ತಿ ಹುಬ್ಬಳ್ಳಿಗೆ ಹೋದೆ. ಯಾವುದೋ ಹಳೆಯ ಕಾರಿನ ಮುಂದಿನ ಗಾಲಿಯ ಬೇರಿಂಗು ಅಳತೆಗೆ ಸರಿ ಹೊಂದಿತು. ಒಂದು ಬದಿ ದಪ್ಪ, ಒಂದು ಬದಿ ಸಣ್ಣ ಇರುವ ರೋಲರುಗಳು. ಹೊಸವು, ಕಣ್ಣಿಗೆ ಹೊಳೆಯುತ್ತಿದ್ದವು. ಬರುವಾಗ ರೈಲಿನಲ್ಲಿ ಅವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದೆ. ಪಕ್ಕದವನು ಕೂಸಿಗೆ ಬಳೆ ತಂದಿರೇನು ಎಂದು ಕೇಳಿದ.

ಬನ್ನಿಯ ಹಿಂದಿನ ದಿನ ಖಂಡೆ ಪೂಜೆ, ಮನೆಯ ಹತ್ಯಾರಗಳನ್ನೆಲ್ಲ ಪೂಜಿಸುವ ದಿನ. ಅಂದು ಬೆಳಿಗ್ಗೆ ಹಿತ್ತಲಲ್ಲಿ ಕೂಡಿಸುವ ಕೆಲಸ ಹಿಡಿದೆವು. ಚಿಮಟಾದ ಬುಡವನ್ನು ಕೆಂಡದ ಮೇಲೆ ಕಾಯಿಸಿ, ಬೇರಿಂಗಿನ ಹೊರಬಳೆಯನ್ನು ಕಟ್ಟಿಗೆ ತುಂಡು ಇಟ್ಟು ಬಡಿದು ಕೂಡಿಸಿದೆವು. ಮೊದಲ ಸಲ ಒಂದು ಬಳೆ ತಿರುವುಮುರುವಾಗಿ ಕೂತಿತು. ಅದು ಇನ್ನೊಬ್ಬನ ತಪ್ಪು ಎಂದು ಇಬ್ಬರೂ ಒಪ್ಪಿದೆವು. ತೆಗೆದು ಸರಿಯಾಗಿ ಹಾಕಿ, ಗ್ರೀಸು ಮೆತ್ತಿ, ಅಚ್ಚು ತೂರಿಸಿ, ಅಂದಾನಪ್ಪ ಪಾನಾ ಹಿಡಿದು ನಟ್ಟು ತಿರುಗಿಸಿದ. ಬಲ ಹಾಕಿ ಬಿಗಿದ. ಕೊರಳ ನರ ಉಬ್ಬಿತು.

"ಮದಲ ಹಿಂಗ ಪೂರಾ ಬಿಗಿಬೇಕು. ಚಿಮಟಾ ಮ್ಯಾಲ ಕೆಳಗ ಆಡಿಸಿದರ ರೋಲರು ತಮ್ಮ ಜಾಗಾ ಹಿಡೀತಾವು. ಆಮ್ಯಾಲ ನಟ್ಟು ಒಂಚೂರು ಹಿಂದಕ ಬಿಡಬೇಕು. ಬಿಡಲಿಲ್ಲಂದ್ರ ಚಿಮಟಾ ಹಿಡಕೊಂಡ ಬಿಡತೈತಿ, ಆಡಂಗಿಲ್ಲ."

"ಬಿಡು ಮತ್ತ."

"ಬಿಡೂಣು. ಚಾ ಕುಡದು ಬಿಡೂಣು."

ಚಹಾ ಕುಡಿದು ಬಂದೆವು. ಹಿತ್ತಲಲ್ಲಿ ಪಾನಾ ಇರಲಿಲ್ಲ. ಸುತ್ತಿಗೆ, ಇಕ್ಕಳ, ಉಳಿ ಯಾವುದೂ ಇರಲಿಲ್ಲ. ನಮ್ಮವ್ವ ಶಾರದವ್ವ ದೇವರ ಮನೆಯಿಂದ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದಳು.

"ಹಿತ್ತಲದಾಗ ಚೆಲ್ಲಾಡಿದ್ದು ಎಲ್ಲಾ ತೊಳದು ಪೂಜಿಗೆ ಇಟ್ಟೇನಿ. ಹಬ್ಬದ ದಿನಾನೂ ಹತ್ಯಾರ ಮಣ್ಣಾಗ ಬಿಡತೀರೇನು?"

ಒಳಗೆ ಹೋಗಿ ನೋಡಿದೆ. ಮಣೆಯ ಮೇಲೆ ತಕ್ಕಡಿ, ಕುಡಗೋಲು, ಈಳಿಗೆ. ಅವುಗಳ ನಡುವೆ ನನ್ನ ಪಾನಾಗಳು ವಿಭೂತಿ ಹಚ್ಚಿಕೊಂಡು, ಚೆಂಡು ಹೂವು ಮುಡಿದು ಸಾಲಾಗಿ ಕೂತಿದ್ದವು. ಊದಿನಕಡ್ಡಿ ಉರಿಯುತ್ತಿತ್ತು.

"ಅವ್ವಾ, ಒಂದ ಪಾನಾ ಕೊಡು. ಒಂಚೂರು ತಿರುವಿ ಮತ್ತ ಅಲ್ಲೇ ಇಡತೀನಿ."

"ಪೂಜಿ ಆಗೇತಿ. ನಾಳೆ ಸಂಜಿಗೆ ಬನ್ನಿ ಮುಡಿದ ಮ್ಯಾಲ ಕದಲಸೂದು. ಸೊಸಿ ಮನಿ ಬಿಟ್ಟು ಹೋಗಿ ಕುಂತಾಳ, ಈಗ ಖಂಡೆನೂ ಕದಲಿಸಿ ಇನ್ನೇನು ತರಾಂವ ಇದ್ದಿ ಮನಿಗೆ?"

ಈ ಮಾತಿಗೆ ನನ್ನ ಕೈ ತಾನಾಗಿ ಹಿಂದೆ ಬಂತು. ಏಕೀಕರಣ, ಪ್ರಗತಿ ಎಂದೆಲ್ಲ ಮಾತಾಡುವವನು ನಾನು. ಆದರೂ ನೀಲಗಂಗವ್ವ ಬರಬೇಕಾದ ಹೊತ್ತಿನಲ್ಲಿ ಪೂಜೆಗಿಟ್ಟ ಪಾನಾ ಮುಟ್ಟುವ ಧೈರ್ಯ ಆಗಲಿಲ್ಲ. ಬೇರೆಯವರ ಪಾನಾ ಸಿಕ್ಕೀತೆಂದು ಹೊರಗೆ ಬಿದ್ದೆ. ಜಿನ್ನಿಗೆ ಬೀಗ ಹಾಕಿ, ಬೀಗಕ್ಕೂ ಹೂವು ಏರಿಸಿದ್ದರು. ಕಮ್ಮಾರನ ಕುಲುಮೆ ತಣ್ಣಗಿತ್ತು. ಸೈಕಲ್ ರಿಪೇರಿಯವನ ಮನೆಯಲ್ಲಿ ಸಿಕ್ಕೇ ಸಿಗುತ್ತದೆ ಎಂದು ಹೋದರೆ, ಅವನ ಹೆಂಡತಿ ಸುಗ್ರಾಬಿ ಬಾಗಿಲಲ್ಲೇ ನಕ್ಕಳು.

"ಅಂಗಡಿ ಹತ್ಯಾರಕ್ಕ ನಾವೂ ಇವತ್ತ ಹೂವು ಏರಸ್ತೀವ್ರಿ. ಊರ ಪದ್ಧತಿ. ನಾಳೆ ಸಂಜಿಗೆ ಬರ್ರಿ, ಎಷ್ಟ ಬೇಕ ಅಷ್ಟ ಕೊಡತೀವಿ."

ನಾಳೆ ಸಂಜೆಗೆ ನಾನು ಶಿಗ್ಲಿಯಲ್ಲಿ ಇರಬೇಕಿತ್ತು. ಬೆಟಗೇರಿಯ ಕೊನೆಯವರೆಗೆ ತಿರುಗಿದರೂ ಹೂವು ಕಾಣದ ಪಾನಾ ಒಂದೂ ಸಿಗಲಿಲ್ಲ. ಸೋತು ಬಂದಾಗ ಅಂದಾನಪ್ಪ ಇನ್ನೊಂದು ಕಪ್ಪು ಚಹಾ ಮುಗಿಸಿ ತೀರ್ಪು ಕೊಟ್ಟ.

"ಇರಲಿ ಬಿಡಲೇ. ತಂಗಿ ಕೇಳಿದ್ದೇನು? ಅಳ್ಳಾಡಬಾರದು ಅಂತ. ಈಗ ಆನಿ ಹಚ್ಚಿ ಎಳದರೂ ಅಳ್ಳಾಡಂಗಿಲ್ಲ."

ನನಗೂ ಅದು ಸರಿ ಅನ್ನಿಸಿತು. ಬೇಕಾದ್ದನ್ನು ಸರಿ ಅನ್ನಿಸಿಕೊಳ್ಳುವುದರಲ್ಲಿ ನಾನು ಮೊದಲಿನಿಂದಲೂ ಜಾಣ.

ಮರುದಿನ ಮಧ್ಯಾಹ್ನ ಅವ್ವ ಗಾಡಿಗೆ ಕಾಯಿ ಒಡೆದು, ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟು ಕಳಿಸಿದಳು. ಊರು ದಾಟಿದ ಮೊದಲ ತಗ್ಗಿಗೇ ನನಗೆ ಸುದ್ದಿ ಮುಟ್ಟಿತು. ಗಾಡಿಯ ಹಿಂಭಾಗ ಅಳ್ಳಾಡಲಿಲ್ಲ, ನಿಜ. ಆದರೆ ಚಿಮಟಾ ಒಂದು ಕೂದಲಷ್ಟೂ ಮೇಲೆ ಕೆಳಗೆ ಆಡುತ್ತಿರಲಿಲ್ಲ. ತಗ್ಗು ನೆಲದಲ್ಲಿದ್ದರೆ ಪೆಟ್ಟು ನೇರವಾಗಿ ನನ್ನ ನೆತ್ತಿಗೆ ಬರುತ್ತಿತ್ತು. ಶಿರಹಟ್ಟಿಗೆ ಹೋಗುವಷ್ಟರಲ್ಲಿ ಹಲ್ಲು ಕಚ್ಚಿ ಕಚ್ಚಿ ದವಡೆ ನೋಯುತ್ತಿತ್ತು. ಲಕ್ಷ್ಮೇಶ್ವರ ದಾಟುವಾಗ ಟೊಂಕ ನನ್ನದು ಅನ್ನಿಸುವುದೇ ನಿಂತಿತ್ತು. ಆದರೂ ನಡುನಡುವೆ ಹೊರಳಿ ಹಿಂದಿನ ಗಾಲಿಯನ್ನು ನೋಡಿ, ಹೇಗೆ ನೆಟ್ಟಗೆ ಬರುತ್ತಿದೆ ನೋಡು ಎಂದು ಹಿಗ್ಗುತ್ತಿದ್ದೆ.

ಶಿಗ್ಲಿಯಲ್ಲಿ ಜನ ಆಗಷ್ಟೇ ಬನ್ನಿ ಮುಡಿದು ಬಂದಿದ್ದರು. ಮಾವನವರ ಅಂಗಳದ ತುಂಬ ಮಂದಿ. ಬನ್ನಿಯ ದಿನ ಸಣ್ಣವರು ದೊಡ್ಡವರ ಕೈಗೆ ಬನ್ನಿ ಎಲೆ ಕೊಟ್ಟು ಕಾಲು ಮುಟ್ಟುತ್ತಾರೆ. ಮುನಿಸಿದ್ದವರೂ ಅಂದು ಮಾತಾಡುತ್ತಾರೆ. ನಾನು ಗಾಡಿಯಿಂದ ಇಳಿದೆ. ಹೇಗೋ ನಾಲ್ಕು ಹೆಜ್ಜೆ ಇಟ್ಟು, "ಬನ್ನಿ ತಗೋರಿ, ಮಾವಾರ. ಬಂಗಾರದಂಗ ಇರೂಣು" ಎಂದು ಬಾಗಿ ಅವರ ಕಾಲು ಮುಟ್ಟಿದೆ.

"ಸಾಕು, ಸಾಕು, ಏಳ್ರಿ" ಎಂದರು ಮಾವ.

ಏಳಲು ಬರಲಿಲ್ಲ. ಟೊಂಕ ಹಿಡಿದುಬಿಟ್ಟಿತ್ತು. ನೀಲಗಂಗವ್ವನ ಅಜ್ಜಿ ಮುತ್ತವ್ವ ಕಣ್ಣಿಗೆ ಸೆರಗು ಹಚ್ಚಿದಳು. "ನೋಡ್ರೇ, ಕಲತ ಹುಡುಗ, ದಲಾಲಿ ಮನಿತನ, ಎಷ್ಟು ಬಾಗತಾನ ನೋಡ್ರಿ" ಎಂದಳು. ಮಾವನವರೂ ಕಣ್ಣು ಒರೆಸಿಕೊಂಡರು. ನನ್ನ ಜೀವನದಲ್ಲಿ ನನ್ನ ಭಾಷಣಕ್ಕೆ ಒಬ್ಬರೂ ಅತ್ತಿರಲಿಲ್ಲ. ಹೇಗೂ ಬಾಗಿದ್ದೇನೆ ಎಂದು ಹಾಗೆಯೇ ಮುಂದೆ ಸರಿದು ಮುತ್ತವ್ವನಿಗೆ ಕೊಟ್ಟೆ, ಅತ್ತೆಗೆ ಕೊಟ್ಟೆ, ಹೊಸ್ತಿಲ ಕಡೆಗೆ ಹೋದೆ. ಅಲ್ಲಿ ಇನ್ನೊಂದು ಜೋಡಿ ಕಾಲು ಕಂಡವು. ಕಾಲುಂಗುರ ನೋಡಿ ಗುರುತು ಹಿಡಿದೆ.

ಗಂಡ ಹೆಂಡತಿಯ ಮುಂದೆ ಬಾಗಿ ಬನ್ನಿ ಹಿಡಿದು ನಿಂತದ್ದನ್ನು ಶಿಗ್ಲಿ ಅಲ್ಲಿಯವರೆಗೆ ನೋಡಿರಲಿಲ್ಲ.

"ಏಳ್ರಿ. ಮಂದಿ ನೋಡಾಕತ್ತಾರ" ಎಂದಳು ನೀಲಗಂಗವ್ವ, ಮೆಲ್ಲಗೆ.

"ಏಳಾಕ ಬರವಲ್ದು. ಟೊಂಕ ಹಿಡದೈತಿ."

ಅವಳು ನಕ್ಕಳು. ಸೆರಗಿನಿಂದ ಬಾಯಿ ಮುಚ್ಚಿಕೊಂಡರೂ ನಗು ಕೇಳಿಸಿತು. ಪಂಚಮಿಯಿಂದ ಆ ನಗುವಿಲ್ಲದೆ ಒಣಗಿಹೋಗಿದ್ದೆ. ಬಾಗಿದ್ದಲ್ಲೇ ನನ್ನ ಕಣ್ಣು ತುಂಬಿದವು. ಅವಳು ಬನ್ನಿ ಎಲೆ ತೆಗೆದುಕೊಂಡು, ಅಣ್ಣನನ್ನು ಕರೆದು ನನ್ನ ಟೊಂಕಕ್ಕೆ ಎಣ್ಣೆ ತಿಕ್ಕಿಸಿದಳು. ನಾನು ನೆಟ್ಟಗಾಗುವಷ್ಟರಲ್ಲಿ ಮಂದಿ ಕರಗಿದ್ದರು. ಅವಳು ಗಾಡಿಯ ಹತ್ತಿರ ನಿಂತಿದ್ದಳು.

ಹಿಂದಿನ ಗಾಲಿ ಹಿಡಿದು ಎಡಕ್ಕೆ ಬಲಕ್ಕೆ ಜಗ್ಗಿದಳು. ಸದ್ದಿಲ್ಲ. ಸೀಟಿನ ಮೇಲೆ ಎರಡೂ ಕೈಯಿಟ್ಟು ಮೈಭಾರ ಹಾಕಿ ಒತ್ತಿದಳು. ಗಾಡಿ ಬಗ್ಗಲಿಲ್ಲ.

"ಮದಲ ಎಲ್ಲಾ ಕಡೆ ಹೊಯ್ದಾಡತಿತ್ತು. ಈಗ ಎಲ್ಲೂ ಬಗ್ಗವಲ್ದು. ಏನ ಮಾಡೀರಿ ಇದಕ್ಕ?"

ಹೇಳಿದೆ. ಚಹಾ, ಖಂಡೆ, ಅವ್ವ, ಸುಗ್ರಾಬಿ, ಎಲ್ಲವನ್ನೂ. ಅವಳು ಒಳಗೆ ಹೋಗಿ ಅಪ್ಪನ ಹತ್ಯಾರದ ಪೆಟ್ಟಿಗೆಯಿಂದ ಪಾನಾ ತಂದು ಕೊಟ್ಟಳು. ಇಲ್ಲಿ ಬನ್ನಿ ಮುಡಿದು ಖಂಡೆ ಕದಲಿಸಿಯಾಗಿತ್ತು. ತಾನು ಸೀಟಿನ ಮೇಲೆ ಕೂತಳು. "ನೀವು ಬಿಡಕೋತ ಹೋಗ್ರಿ, ನಾ ಹೇಳತೀನಿ" ಎಂದಳು.

ನಾನು ನೆಲಕ್ಕೆ ಕೂತು ನಟ್ಟು ಸ್ವಲ್ಪ ಬಿಟ್ಟೆ. ಅವಳು ಮೇಲೆ ಕೆಳಗೆ ಜೀಕಿದಳು. "ಇನ್ನಾ ಬಿಗಿ ಐತಿ." ಮತ್ತೆ ಬಿಟ್ಟೆ. "ಒಂಚೂರು." ಮತ್ತೆ ಬಿಟ್ಟೆ. ಗಾಡಿ ಮೆತ್ತಗೆ ಇಳಿದು ಮೆತ್ತಗೆ ಎದ್ದಿತು. ಗಾಲಿ ಜಗ್ಗಿ ನೋಡಿದೆ, ಟಕ್ ಎನ್ನಲಿಲ್ಲ. "ಆತು, ಇಲ್ಲಿಗೆ ನಿಂದ್ರಸ್ರಿ" ಎಂದಳು. ಅದು ಜಾರದ ಹಾಗೆ ಮೇಲಿನ ಇನ್ನೊಂದು ನಟ್ಟು ಬಿಗಿದು ಕೈ ಒರೆಸಿಕೊಂಡೆ.

"ಮತ್ತ? ಅಳ್ಳಾಡೂದು ನಿಂತೈತಿ. ನಾಳೆ ಹೋಗೂಣಲಾ?" ಎಂದೆ.

ಅವಳು ಇಳಿದು ನಿಂತಳು. "ನಾ ಬಿದ್ದಿದ್ದಕ್ಕ ನನಗ ಸಿಟ್ಟಿಲ್ಲರಿ. ಗಾಡಿ ಅಂದ ಮ್ಯಾಲ ಬೀಳತಾರ. ನಾ ಹಿಂದ ಇಲ್ಲ ಅನ್ನೂದು ನಿಮಗ ಗೊತ್ತಾಗಲಿಲ್ಲಲ್ಲ. ಕೆಸರಾಗ ಕುಂತು ನೋಡಿದೆ. ನೀವು ಮಾತಾಡಿಕೋತ ಹೋದ್ರಿ, ಹೋದ್ರಿ, ಕಾಣದಂಗ ಆದ್ರಿ."

ಬಾಯಿದ್ದವ ಬರದಾಗ ಬದುಕಿದ ಅನ್ನುತ್ತಾರೆ. ನಾನು ಪಾನಾ ಎತ್ತಿಕೊಂಡು ಒರೆಸತೊಡಗಿದೆ. ಅವಳೇ ಮುಂದೆ ಹೇಳಿದಳು.

"ಗಾಡಿ ಛಲೋ ಆಗೇತಿ. ನಾ ಮನಿಗೆ ಬರತೀನಿ. ಆದರ ಇದರ ಹಿಂದ ಕುಂಡ್ರಂಗಿಲ್ಲ. ಚಕ್ಕಡ್ಯಾಗ ನಿಮ್ಮ ಎದುರಿಗೆ ಕುಂಡ್ರತೀನಿ."

ಮರುದಿನ ಬೆಳಿಗ್ಗೆ ಅವಳ ಅಣ್ಣ ಚಕ್ಕಡಿ ಹೂಡಿದ. ಹುಲ್ಲು ಹಾಸಿ, ಹೊಸ ಬೇರಿಂಗಿನ ಮೋಟಾರ್ ಸೈಕಲ್ಲನ್ನು ಮಲಗಿಸಿ ಹಗ್ಗದಿಂದ ಕಟ್ಟಿದೆವು. ಉಳಿದ ಜಾಗದಲ್ಲಿ ನಾವಿಬ್ಬರು ಎದುರುಬದುರಾಗಿ ಕೂತೆವು. ದಾರಿಯುದ್ದಕ್ಕೂ ಜನ ನಿಲ್ಲಿಸಿ ಕೇಳಿದರು.

"ಏನ್ರಿ, ಗಾಡಿ ಕೆಟ್ಟೈತೇನು?"

"ಇಲ್ರಿ, ನಿನ್ನೆನ ರಿಪೇರಿ ಆಗೇತಿ" ಎಂದೆ. ನಕ್ಕರು. ಶಿರಹಟ್ಟಿಯ ಪೇಟೆಯಲ್ಲಂತೂ, ನನ್ನ ವಂದನಾರ್ಪಣೆಗೆ ಒಮ್ಮೆ ಚಪ್ಪಾಳೆ ತಟ್ಟಿದ್ದ ಇಬ್ಬರು ಅಂಗಡಿಯಿಂದ ಹೊರಗೆ ಬಂದು ನೋಡಿದರು.

ಊರು ದಾಟಿದ ಮೇಲೆ ಹೇಳುವುದಕ್ಕೆ ನನ್ನ ಹತ್ತಿರ ಬೇಕಾದಷ್ಟಿತ್ತು. ರಾಜ್ಯೋದಯಕ್ಕೆ ಇನ್ನು ಮೂರು ವಾರವೂ ಇರಲಿಲ್ಲ, ಸಭೆಯಲ್ಲಿ ಈ ಸಲ ನನಗೆ ಸ್ವಾಗತ ಭಾಷಣ ಕೊಟ್ಟಿದ್ದರು. ಬಾಯಿ ತೆರೆದೆ. ಎದುರಿಗೆ ನೀಲಗಂಗವ್ವ ಕೂತಿದ್ದಳು. ಎತ್ತಿನ ನಡಿಗೆಗೆ ಸ್ವಲ್ಪ ತೂಗುತ್ತಾ, ಬಿಸಿಲಿಗೆ ಕಣ್ಣು ಸಣ್ಣ ಮಾಡಿ ನನ್ನನ್ನೇ ನೋಡುತ್ತಿದ್ದಳು. ಬಾಯಿ ಮುಚ್ಚಿದೆ. ಆಮೇಲೆ ಕೇಳಿದೆ.

"ಅವತ್ತ ನಿನಗ ಎಲ್ಲಿ ಪೆಟ್ಟಾಗಿತ್ತು?"

ಪಂಚಮಿಯಿಂದ ಬನ್ನಿಯವರೆಗೆ ಈ ಮಾತನ್ನು ನಾನು ಕೇಳಿರಲಿಲ್ಲ. ಅವಳು ಬಳೆಗಳನ್ನು ಕೆಳಗೆ ಸರಿಸಿ ಕೈ ಮುಂದೆ ಚಾಚಿದಳು. ಮೊಣಕೈಯಿಂದ ಕೆಳಕ್ಕೆ ಚರ್ಮ ಸುಲಿದು ಮಾಯ್ದ ಉದ್ದ ಗಾಯದ ಕಲೆ ಇತ್ತು.

"ಬಾಳ ಬ್ಯಾನಿ ಆಗಿತ್ತೇನು?"

"ಆಗಿತ್ತು" ಎಂದಳು.

ಚಾಚಿದ ಕೈಯನ್ನು ಅವಳು ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ನಾನು ಅದನ್ನು ಹಿಡಿದುಕೊಂಡು, ಗದಗ ಬರುವವರೆಗೂ ಮಾತಾಡದೆ ಕೂತೆ.